ಕೂಸಿನ ಕೈಗೇ ತುತ್ತು ಕೊಡುವ ಮುನ್ನ

ರಾಗಿ ಸರಿಯನ್ನು ಚಮಚದಲ್ಲಿ ಉಣಿಸುವ ಬದಲು, ಮನೆಯೂಟದ ಮೆತ್ತನೆಯ ತುಂಡುಗಳನ್ನು ಮುಂದಿಟ್ಟು ಕೂಸು ತಾನೇ ಹಿಡಿದು ತಿನ್ನಲು ಬಿಡುವ ಕ್ರಮಕ್ಕೆ ಬೇಬಿ ಲೆಡ್ ವೀನಿಂಗ್ ಎನ್ನುತ್ತಾರೆ. ಬ್ರಿಟನ್ನಿನ ಆರೋಗ್ಯ ಕಾರ್ಯಕರ್ತೆ ಗಿಲ್ ರಾಪ್ಲಿ ಜನಪ್ರಿಯಗೊಳಿಸಿದ ಈ ಕ್ರಮದ ಬಗ್ಗೆ ಆರೋಗ್ಯ ಸಿಬ್ಬಂದಿಗೆ ಮೊದಲಿನಿಂದಲೂ ಅಳುಕಿದೆ. 2012ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಅಧ್ಯಯನವೊಂದರಲ್ಲಿ 31 ಮಂದಿ ಸಿಬ್ಬಂದಿಯನ್ನು ವಿಚಾರಿಸಿದಾಗ, ಗಂಟಲಿಗೆ ಸಿಕ್ಕಿಕೊಳ್ಳುವುದು, ಕಬ್ಬಿಣಾಂಶದ ಕೊರತೆ, ಹೊಟ್ಟೆಗೆ ಸಾಲದಿರುವುದು ಎಂಬ ಮೂರು ಆತಂಕಗಳು ಕೇಳಿಬಂದವು. ಮುಂದೆ ಅದೇ ದೇಶದಲ್ಲಿ 206 ಶಿಶುಗಳ ಮೇಲೆ ನಡೆದ ಪ್ರಯೋಗದಲ್ಲಿ, ಹೆತ್ತವರಿಗೆ ಮೊದಲೇ ತಿಳಿವಳಿಕೆ ಕೊಟ್ಟಾಗ, ಸಿಕ್ಕಿಕೊಳ್ಳುವ ಪ್ರಸಂಗಗಳು ಚಮಚದಲ್ಲಿ ಉಂಡವರಿಗಿಂತ ಹೆಚ್ಚಾಗಲಿಲ್ಲ.

ಆರು ತಿಂಗಳು ತುಂಬಿ, ಕತ್ತು ನಿಂತು, ಆಸರೆಯಲ್ಲಿ ನೆಟ್ಟಗೆ ಕೂರುವ ಮಗುವಿಗೆ ಮಾತ್ರ ಇದನ್ನು ಆರಂಭಿಸಬೇಕು. ಅವಧಿಗೆ ಮುನ್ನ ಹುಟ್ಟಿದ್ದರೆ ಮಕ್ಕಳ ವೈದ್ಯರನ್ನು ಕೇಳದೆ ಬೇಡ. ತಾಯಿಹಾಲು ಮುಂದುವರಿಯಲಿ.

ಕೊಡಗಿನ ಅಡುಗೆಮನೆಯಲ್ಲಿ ಎಚ್ಚರ ಬೇಕಾದದ್ದು ಅಕ್ಕಿ ತರಿಯ ಕಡುಬಾದ ಕಡಂಬುಟ್ಟಿನ ವಿಷಯದಲ್ಲಿ. ಉಂಡೆಯಾಗಿ, ಅಂಟಾಗಿ ಇರುವ ಅದು ಗಂಟಲಿಗೆ ಅಪಾಯ. ನೂಪುಟ್ಟನ್ನು, ಅಂದರೆ ಒತ್ತು ಶಾವಿಗೆಯನ್ನು, ಎಳೆ ಬಿಡಿಸಿ ಕೊಡುವುದು ಮೇಲು. ಬೇಯಿಸಿದ ಸಿಹಿಗುಂಬಳ, ಗೆಣಸನ್ನು ದೊಡ್ಡವರ ಬೆರಳಿನಷ್ಟು ಉದ್ದಕ್ಕೆ ಹೆಚ್ಚಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡಿ: ನುಗ್ಗಾದರೆ ಸರಿ, ಗಟ್ಟಿಯಿದ್ದರೆ ಮತ್ತೆ ಒಲೆಗೆ. ಕಿತ್ತಳೆ ತೊಳೆಯ ಸಿಪ್ಪೆ, ಬೀಜ ತೆಗೆಯಿರಿ. ಇಡೀ ದ್ರಾಕ್ಷಿ, ಕಡಲೆಬೀಜ, ಹಸಿ ಕ್ಯಾರೆಟ್ ಬೇಡ. ಕೊಡಗಿನ ಜೇನು ಎಷ್ಟೇ ಶುದ್ಧವಾಗಿದ್ದರೂ ಬಾಟ್ಯುಲಿಸಂ ಎಂಬ ಬ್ಯಾಕ್ಟೀರಿಯಾ ವಿಷದ ಕಾಯಿಲೆಯ ಅಪಾಯವಿರುವುದರಿಂದ ವರ್ಷ ತುಂಬುವವರೆಗೆ ನೆಕ್ಕಿಸಬಾರದು.

ಕಬ್ಬಿಣಾಂಶದ ಪ್ರಶ್ನೆಯಲ್ಲಿ ಆರೋಗ್ಯ ಸಿಬ್ಬಂದಿಯ ಆತಂಕವೇ ಸರಿಯೆಂದು ನನಗನ್ನಿಸುತ್ತದೆ, ಏಕೆಂದರೆ ಕೂಸು ತಾನಾಗಿ ಎತ್ತಿಕೊಳ್ಳುವುದು ಹೆಚ್ಚಾಗಿ ಹಣ್ಣು, ತರಕಾರಿಗಳನ್ನೇ. ಆದ್ದರಿಂದ ಉಪ್ಪು, ಖಾರ, ಕಾಚಂಪುಳಿ (ಕೊಡಗಿನ ಅಡುಗೆಯ ಹುಳಿ) ಬೀಳುವ ಮೊದಲೇ ಚೆನ್ನಾಗಿ ಬೆಂದ ಮಾಂಸವನ್ನು ತೆಗೆದಿಟ್ಟು ನುಣ್ಣಗೆ ಹಿಸುಕಿ, ಅಥವಾ ಗಟ್ಟಿ ಬೇಳೆಗೆ ಕಿತ್ತಳೆ ರಸ ಬೆರೆಸಿ, ದಿನವೂ ಕೊಡಬೇಕು. ರಸದಲ್ಲಿರುವ ಸಿ ಜೀವಸತ್ವದಿಂದ ಬೇಳೆಯ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಇದಕ್ಕೆ ಚಮಚ ಬೇಕಾದರೆ ಬಳಸಿ. ಚಮಚ ಮುಟ್ಟಿದರೆ ಕ್ರಮ ಕೆಟ್ಟಿತೆಂಬ ಹಟ ಮಗುವಿನದಲ್ಲ, ನಮ್ಮದು.

ಓಕರಿಸುವ ಮಗು ಕೆಮ್ಮುತ್ತದೆ, ಸದ್ದು ಮಾಡುತ್ತದೆ; ಆಗ ಸುಮ್ಮನೆ ಕಾಯಿರಿ. ಸದ್ದೇ ಇಲ್ಲದೆ, ಅಳಲಾಗದೆ ಒದ್ದಾಡಿದರೆ ಉಸಿರು ಕಟ್ಟಿದೆ ಎಂದರ್ಥ. ಬಾಯಿಗೆ ಕುರುಡಾಗಿ ಬೆರಳು ಹಾಕದೆ, ತಲೆ ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ 5 ಗುದ್ದು, ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಒತ್ತು. ಹೀಗೇ ಸರದಿಯಲ್ಲಿ ಮಾಡುತ್ತಿರುವಾಗ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ತೋಟದೊಳಗಿನ ಮನೆಗೆ ಆಂಬ್ಯುಲೆನ್ಸ್ ತಲುಪಲು ಹೊತ್ತು ಹಿಡಿಯುವುದರಿಂದ, ಮೊದಲ ತುತ್ತಿಗೆ ಮುನ್ನವೇ ವೈದ್ಯರಿಂದಲೋ ನರ್ಸ್‌ನಿಂದಲೋ ಇದನ್ನು ಕಣ್ಣಾರೆ ನೋಡಿ ಕಲಿತಿರಬೇಕು.