20 ಲೀಟರ್ ಬಿಯರಿಗೆ 40 ಬಾಟಲಿ

ಮನೆಯಲ್ಲಿ ಬಿಯರ್ ಮಾಡುವ ಆಸೆ ಇರುವವರು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಯಾವುದು, ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಯಾವುದು, ಯೀಸ್ಟ್ ಎಲ್ಲಿ ಸಿಗುತ್ತದೆ ಅಂತೆಲ್ಲ ಕೇಳುತ್ತಾರೆ. ಬಾಟಲಿ ಬಗ್ಗೆ ಯಾರೂ ಕೇಳುವುದಿಲ್ಲ. ಹೊಸಬರು ಸಾಮಾನ್ಯವಾಗಿ ಒಂದು ಸಲಕ್ಕೆ 20 ಲೀಟರ್ ಮಾಡುತ್ತಾರೆ. ಅರ್ಧ ಲೀಟರಿನ ಲೆಕ್ಕ ಹಿಡಿದರೆ 40 ಬಾಟಲಿ ಬೇಕು. ಬಕೆಟ್‌ನಲ್ಲಿ ಬಿಯರ್ ಹುದುಗಿ ತಯಾರಾದ ದಿನ ಬಾಟಲಿ ಹುಡುಕಲು ಹೊರಟರೆ ಸಿಗುವುದಿಲ್ಲ, ಸಿಕ್ಕಿದರೂ ತೊಳೆಯಲು ಟೈಮ್ ಇರುವುದಿಲ್ಲ. ನಾನಿರುವುದು ಮ್ಯೂನಿಕ್‌ನಲ್ಲಿ. ಇಲ್ಲಿ ಬಾಟಲಿಗಳನ್ನು ಹೇಗೆ ಜೋಡಿಸಿಕೊಂಡೆ, ಹೇಗೆ ತಯಾರು ಮಾಡಿಕೊಳ್ಳುತ್ತೇನೆ ಅನ್ನುವುದಷ್ಟೇ ಈ ಬರಹ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಸ್ವಂತ ಬಳಕೆಗೆ ವರ್ಷಕ್ಕೆ 500 ಲೀಟರ್ ತನಕ ಮಾಡಿಕೊಂಡರೆ ಬಿಯರ್ ತೆರಿಗೆ ಇಲ್ಲ. 2024ಕ್ಕೆ ಮುಂಚೆ ಈ ಮಿತಿ 200 ಲೀಟರ್ ಇತ್ತು. ಮಾರುವಂತಿಲ್ಲ. ಕರ್ನಾಟಕದಲ್ಲಿ ಹಾಗಲ್ಲ, ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸಿದರೆ ಅಬಕಾರಿ ಕೇಸಾಗುತ್ತದೆ. ರಜೆಗೆ ಊರಿಗೆ ಹೋದಾಗ ಈ ಆಟ ಬೇಡ.

ಇಲ್ಲಿ ಬಾಟಲಿ ಹುಡುಕುವ ಕಷ್ಟವೇ ಇಲ್ಲ ಅನ್ನಬಹುದು. ಬಿಯರ್ ಕೊಂಡಾಗ ಬಾಟಲಿಗೂ ಡಿಪಾಸಿಟ್ ಕಟ್ಟುತ್ತೇವೆ, ಅದಕ್ಕೆ ಫಾಂಡ್ ಅನ್ನುತ್ತಾರೆ. ಮಾಮೂಲಿ ಮುಚ್ಚಳದ ಬಾಟಲಿಗೆ 8 ಸೆಂಟ್. ತಂತಿಯ ಬಿರಡೆ ಇರುವ ಬಾಟಲಿಗೆ 15 ಸೆಂಟ್. ಅವನ್ನಿಡುವ ಪ್ಲಾಸ್ಟಿಕ್ ಕ್ರೇಟಿಗೆ ಒಂದೂವರೆ ಯೂರೋ. 20 ಬಾಟಲಿಯ ಕ್ರೇಟ್ ಒಂದನ್ನು ವಾಪಸ್ ಕೊಡದೆ ಇಟ್ಟುಕೊಂಡರೆ ಕೈಬಿಟ್ಟು ಹೋಗುವುದು 3 ಯೂರೋ 10 ಸೆಂಟ್ ಮಾತ್ರ. ಎರಡು ಕ್ರೇಟ್ ಇಟ್ಟುಕೊಂಡರೆ ಒಂದು ಸಲದ ಬಿಯರಿಗೆ ಸಾಕು. ಹೊಸ ಬಾಟಲಿ ಇಷ್ಟು ಅಗ್ಗಕ್ಕೆ ಎಲ್ಲೂ ಸಿಗುವುದಿಲ್ಲ. ಜೊತೆಗೆ ಕ್ರೇಟೂ ಬಂತು. ಅದು ಎಷ್ಟು ಉಪಯೋಗ ಅಂತ ಕೆಳಗಿನ ಸೆಲ್ಲಾರಿಗೆ 40 ಬಾಟಲಿ ಇಳಿಸುವಾಗ ಗೊತ್ತಾಗುತ್ತದೆ.

ಹಾಗಂತ ಯಾವ ಬಾಟಲಿ ಆದರೂ ನಡೆಯುತ್ತದೆ ಅಂತಲ್ಲ. ನಾವು ಬಿಯರಿಗೆ ಸಕ್ಕರೆ ಸೇರಿಸಿ ಬಾಟಲಿ ಮುಚ್ಚುತ್ತೇವೆ, ಯೀಸ್ಟ್ ಅದನ್ನು ತಿಂದು ಗ್ಯಾಸ್ ಮಾಡುತ್ತದೆ. ಬಾಟಲಿ ಒಳಗೆ ಕುಕ್ಕರ್ ಥರ ಪ್ರೆಶರ್ ಕಟ್ಟುತ್ತದೆ, ಆದರೆ ಸೀಟಿ ಇಲ್ಲ. ಅದಕ್ಕೇ ಬಿಯರಿಗೆ ಅಂತಲೇ ಮಾಡಿದ ಗಾಜು ಬೇಕು. ವೈನ್ ಬಾಟಲಿ ನೋಡಲು ದಪ್ಪ ಅನಿಸಿದರೂ ಈ ಒತ್ತಡಕ್ಕೆ ಮಾಡಿದ್ದಲ್ಲ. ಜ್ಯೂಸ್ ಬಾಟಲಿಯೂ ಅಷ್ಟೇ. ಮನೆ ಅಲಂಕಾರದ ಅಂಗಡಿಗಳಲ್ಲಿ ತಂತಿ ಬಿರಡೆಯ ಚೌಕಾಕಾರದ ಬಾಟಲಿ ಸಿಗುತ್ತದಲ್ಲ, ಅದಂತೂ ಬೇಡವೇ ಬೇಡ. ಅದರಲ್ಲಿ ಎಣ್ಣೆ ಇಡಿ, ಜೇನು ಇಡಿ. ಚೌಕದ ಮೂಲೆಗಳು ಒತ್ತಡ ತಡೆಯುವುದಿಲ್ಲ. ಶಾಂಪೇನ್ ಥರದ ಜೆಕ್ಟ್ ಬಾಟಲಿ ಗಟ್ಟಿ, ಆದರೆ ಅದರ ಬಾಯಿ ಬಹಳ ಸಲ 29 ಮಿಲಿಮೀಟರ್ ಇರುತ್ತದೆ. ಸಾಮಾನ್ಯ ಬಿಯರ್ ಮುಚ್ಚಳ 26. ಎರಡು ಸೈಜಿನ ಮುಚ್ಚಳ ಇಟ್ಟುಕೊಂಡು ಒದ್ದಾಡುವುದು ಸುಮ್ನೆ ತಲೆನೋವು.

ಕೈಯಲ್ಲಿ ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿಯನ್ನೂ ಬಿಟ್ಟುಬಿಡಿ. ಬಾಯಿಯಲ್ಲಿ ತಿರುಪಿನ ಗೆರೆ ಇರುತ್ತದೆ, ಅಂಚು ತೆಳ್ಳಗೆ. ಮನೆಯ ಯಂತ್ರದಲ್ಲಿ ಒತ್ತಿದ ಮುಚ್ಚಳ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ, ಗ್ಯಾಸ್ ಸೋರುತ್ತದೆ.

ಬಣ್ಣ ಕಂದೇ ಇರಲಿ. ಹಾಪ್ಸ್‌ನಲ್ಲಿ ಕಹಿ ಕೊಡುವ ಅಂಶಕ್ಕೆ ಬೆಳಕು ಬಿದ್ದರೆ ಗಬ್ಬುವಾಸನೆಯ ಗಂಧಕದ ಸಂಯುಕ್ತ ಹುಟ್ಟುತ್ತದೆ. ಹಸಿರು ಗಾಜು ಈ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ, ಬಿಳಿ ಗಾಜು ತಡೆಯುವುದೇ ಇಲ್ಲ. ಕತ್ತಲ ಕೋಣೆ ಇದ್ದರೆ ಹಸಿರಾದರೂ ಪರವಾಗಿಲ್ಲ. ಅಡುಗೆಮನೆ ಕಿಟಕಿ ಪಕ್ಕ ಇಡುವವರಾದರೆ ಕಂದು ಮಾತ್ರ.

ಇನ್ನೊಂದು ವಿಷಯ ಇಲ್ಲಿಗೆ ಬಂದ ಮೇಲೆ ತಿಳಿದದ್ದು. ಗಾಜಿನ ಮೇಲೇ ಕಂಪನಿ ಹೆಸರು ಉಬ್ಬಾಗಿ ಮೂಡಿದ್ದರೆ ಆ ಬಾಟಲಿ ಬ್ರೂವರಿಯ ಆಸ್ತಿ. ಡಿಪಾಸಿಟ್ ಕಟ್ಟಿದರೂ ಅದು ನಮ್ಮದಾಗುವುದಿಲ್ಲ. ಅಂಥವನ್ನು ನಾನು ವಾಪಸ್ ಕೊಟ್ಟುಬಿಡುತ್ತೇನೆ. ಹೆಸರಿಲ್ಲದ, ಎಲ್ಲ ಬ್ರೂವರಿಗಳೂ ಬಳಸುವ ಬಾಟಲಿಗಳೇ ಸಾಕಷ್ಟು ಸಿಗುತ್ತವೆ. ಇಲ್ಲಿನ ಆಗಸ್ಟಿನರ್ ಬ್ರೂವರಿಯ ಬಿಯರ್ ಬರುವ ಗಿಡ್ಡ, ದಪ್ಪ ಅರ್ಧ ಲೀಟರ್ ಬಾಟಲಿ ನನಗೆ ಇಷ್ಟ. ಕ್ರೇಟ್‌ನಲ್ಲಿ ಅಲ್ಲಾಡದೆ ಕೂರುತ್ತದೆ, ತುಂಬಿಸುವಾಗ ವಾಲುವುದಿಲ್ಲ. ಯಾವುದನ್ನೇ ಆರಿಸಿ, ಒಂದೇ ಜಾತಿಯದ್ದನ್ನು ಜೋಡಿಸಿ. ಬೇರೆ ಬೇರೆ ಎತ್ತರದ ಬಾಟಲಿ ಇದ್ದರೆ ಮುಚ್ಚಳ ಒತ್ತುವ ಯಂತ್ರವನ್ನು ಪ್ರತಿ ಸಲ ಏರಿಸಿ ಇಳಿಸಬೇಕು. ಎರಡು ಹಿಡಿಯ ಅಗ್ಗದ ಯಂತ್ರ ಬಾಟಲಿಯ ಕತ್ತಿನ ಉಂಗುರವನ್ನು ಹಿಡಿದುಕೊಂಡು ಒತ್ತುತ್ತದೆ. ಉಂಗುರದ ಆಕಾರ ಬೇರೆ ಇದ್ದರೆ ಕತ್ತೇ ಮುರಿಯಬಹುದು.

ತಂತಿ ಬಿರಡೆಯ ಬಾಟಲಿ ನೋಡಿದರೆ ಹೊಸಬರಿಗೆ ಆಸೆ ಆಗುತ್ತದೆ. ಯಂತ್ರ ಬೇಡ, ಟಪ್ ಅಂತ ಮುಚ್ಚಬಹುದು, ತೆರೆಯುವಾಗ ಶಬ್ದವೂ ಚೆಂದ. ನನ್ನ ಹತ್ತಿರವೂ ಕೆಲವು ಇವೆ. ಆದರೆ ಅದರ ರಬ್ಬರ್ ರಿಂಗ್ ಒಣಗಿ ಬಿರಿಯುತ್ತದೆ, ರಿಂಗಿನ ಕೆಳಗೆ ಬೂಷ್ಟು ಕಟ್ಟುತ್ತದೆ. ಪ್ರತಿ ಸಲ ರಿಂಗ್ ಬಿಚ್ಚಿ ತೊಳೆದು ಬಿಸಿನೀರಲ್ಲಿ ಕುದಿಸಬೇಕು. ಸಣ್ಣ ಬಿರುಕು ಕಂಡರೂ ಹೊಸದು ಹಾಕಬೇಕು. 40 ಬಾಟಲಿಗೆ ಈ ಸೇವೆ ಮಾಡುವ ತಾಳ್ಮೆ ನನಗಿಲ್ಲ. ಮಾಮೂಲಿ ಮುಚ್ಚಳವೇ ವಾಸಿ.

ರಸ್ತೆಯಲ್ಲಿ ಕಸದ ಡಬ್ಬದ ಪಕ್ಕ ಖಾಲಿ ಬಾಟಲಿ ನಿಲ್ಲಿಸಿ ಹೋಗುವ ರೂಢಿ ಇಲ್ಲಿದೆ. ಅವನ್ನು ನಾನು ಮುಟ್ಟುವುದಿಲ್ಲ. ಬಾಟಲಿ ಆಯ್ದು ಡಿಪಾಸಿಟ್ ದುಡ್ಡಿನಲ್ಲಿ ದಿನ ತಳ್ಳುವವರಿಗೆ ಅಂತಲೇ ಜನ ಬಿಟ್ಟಿರುತ್ತಾರೆ. ಅಲ್ಲದೆ ಅದರೊಳಗೆ ಸಿಗರೇಟ್ ತುಂಡು ಬಿದ್ದಿರುವುದೂ ಉಂಟು. ಆ ವಾಸನೆ ಏನು ತೊಳೆದರೂ ಹೋಗುವುದಿಲ್ಲ.

ಇನ್ನು ತೊಳೆಯುವ ಕೆಲಸ. ಕುಡಿದು ಮುಗಿದ ತಕ್ಷಣ ಬಿಸಿನೀರು ಹಾಕಿ ಕುಲುಕಿ, ಎರಡು ಸಲ ಚೆಲ್ಲಿ, ಬೋರಲು ಹಾಕಿ. ಇಷ್ಟೇ. ಇದನ್ನು ತಪ್ಪದೆ ಮಾಡಿದರೆ ಮುಂದಿನ ಕೆಲಸ ಮುಕ್ಕಾಲು ಪಾಲು ಮುಗಿದ ಹಾಗೆ. ತಳದಲ್ಲಿ ಉಳಿದ ಗುಟುಕು ಬಿಯರ್ ಅಲ್ಲೇ ಒಣಗಲು ಬಿಟ್ಟರೆ ಬೂಷ್ಟು ಬರುತ್ತದೆ, ಆಮೇಲೆ ಉದ್ದ ಬ್ರಷ್ ಹಿಡಿದು ತಿಕ್ಕಿದರೂ ನಂಬಿಕೆ ಬರುವುದಿಲ್ಲ.

ಲೇಬಲ್ ತೆಗೆಯಲು ವಾಷಿಂಗ್ ಸೋಡಾ ಸಾಕು. ಇಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ವಾಶ್‌ಸೋಡಾ ಅಂತ ಸಿಗುತ್ತದೆ. ಸ್ನಾನದ ಟಬ್ಬಿನಲ್ಲಿ ಬೆಚ್ಚಗಿನ ನೀರು, ಕೆಲವು ಹಿಡಿ ಸೋಡಾ, ಬಾಟಲಿಗಳನ್ನು ಮಲಗಿಸಿ ಒಳಗೂ ನೀರು ತುಂಬುವ ಹಾಗೆ ಮುಳುಗಿಸಿ ರಾತ್ರಿ ಬಿಡುತ್ತೇನೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಬೆಳಿಗ್ಗೆ ಕಾಗದದ ಲೇಬಲ್‌ಗಳು ತಾವಾಗಿಯೇ ಬಿಟ್ಟು ತೇಲುತ್ತಿರುತ್ತವೆ. ಕತ್ತಿಗೆ ಸುತ್ತಿದ ಅಲ್ಯೂಮಿನಿಯಂ ಹಾಳೆ ಇದ್ದರೆ ಮೊದಲೇ ಸುಲಿದು ಹಾಕಿ. ಸೋಡಾ ನೀರು ಅದರ ಜೊತೆ ಸೇರಿದರೆ ಗುಳ್ಳೆ ಏಳುತ್ತದೆ, ಅದು ಹೈಡ್ರೋಜನ್. ಕಿಟಕಿ ತೆಗೆದಿಡುವುದು ಒಳ್ಳೆಯದು. ಪ್ಲಾಸ್ಟಿಕ್ ಸ್ಟಿಕ್ಕರ್ ಇರುವ ಬಾಟಲಿ ಇದ್ಯಾವುದಕ್ಕೂ ಜಗ್ಗುವುದಿಲ್ಲ. ನಾನದನ್ನು ತರುವುದೇ ಇಲ್ಲ. ಮೊದಲು ಇದನ್ನೆಲ್ಲ ಅಡುಗೆಮನೆಯಲ್ಲೇ ಮಾಡುತ್ತಿದ್ದೆ. “ರೀ, ಸಿಂಕ್ ತುಂಬ ನಿಮ್ಮ ಬಾಟ್ಲಿನೇ ಇದ್ರೆ ನಾನು ಅಕ್ಕಿ ಎಲ್ಲಿ ತೊಳೀಲಿ?” ಅಂತ ಕೇಳಿಸಿಕೊಂಡ ಮೇಲೆ ಟಬ್ಬಿಗೆ ಬದಲಾಯಿಸಿದ್ದು.

ಮ್ಯೂನಿಕ್ ನೀರು ಗಡಸು. ಸೋಡಾದಿಂದ ತೆಗೆದು ಒಣಗಿಸಿದರೆ ಗಾಜಿನ ಮೇಲೆ ಬಿಳಿ ಪೊರೆ ಕೂರುತ್ತದೆ. ಮೊದಲು ಸೋಡಾ ಪೂರ್ತಿ ಹೋಗುವ ತನಕ ತೊಳೆದು, ಆಮೇಲೆ ಸಿಟ್ರಿಕ್ ಆಸಿಡ್ ಪುಡಿ ಕದಡಿದ ನೀರಿನಲ್ಲಿ ಒಮ್ಮೆ ಜಾಲಿಸಿದರೆ ಫಳಫಳ. ಪಾತ್ರೆ ತೊಳೆಯುವ ಸೋಪು ಮಾತ್ರ ಬೇಡ. ಜಿಡ್ಡು, ಸೋಪು ಒಂಚೂರು ಉಳಿದರೂ ಬಿಯರಿನ ನೊರೆ ನಿಲ್ಲುವುದಿಲ್ಲ.

ಈಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಈ ಕೆಲಸಕ್ಕೆ ನಾನು ಅವಸರ ಮಾಡುವುದಿಲ್ಲ. ತಳದಲ್ಲಿ ಕಲೆ ಇದೆಯಾ, ಒಳಗೋಡೆಗೆ ಪೊರೆ ಅಂಟಿದೆಯಾ, ಬಾಯಿಯ ಅಂಚು ಮುಕ್ಕಾಗಿದೆಯಾ? ಅಂಚನ್ನು ಬರಿ ಬೆರಳಲ್ಲಿ ಸವರಬೇಡಿ, ಬಟ್ಟೆ ಸುತ್ತಿಕೊಂಡು ಸವರಿ, ಎಳೆ ಸಿಕ್ಕಿಕೊಂಡರೆ ಮುಕ್ಕಾಗಿದೆ ಅಂತ ಅರ್ಥ. ಹೊಟ್ಟೆ ಮತ್ತು ಭುಜದ ಸುತ್ತ ಬೆಳ್ಳಗೆ ಸವೆದ ಪಟ್ಟಿ ಇರುತ್ತದೆ. ಬ್ರೂವರಿ ಮತ್ತು ಅಂಗಡಿ ನಡುವೆ ಓಡಾಡುತ್ತಾ ಬಾಟಲಿಗೆ ಬಾಟಲಿ ಉಜ್ಜಿ ಬಂದ ಗುರುತು ಅದು. ಪಟ್ಟಿ ಅಗಲವಾದಷ್ಟೂ ಬಾಟಲಿಗೆ ವಯಸ್ಸು ಜಾಸ್ತಿ. ತುಂಬಾ ಸವೆದದ್ದನ್ನು ಅಂಗಡಿಗೆ ಕೊಟ್ಟು 8 ಸೆಂಟ್ ವಾಪಸ್ ತೆಗೆದುಕೊಳ್ಳುತ್ತೇನೆ. ಬಿರುಕು ಬಿಟ್ಟದ್ದು ನೇರ ಕಸಕ್ಕೆ.

ತೊಳೆದದ್ದು ಬೇರೆ, ಕ್ರಿಮಿ ಇಲ್ಲದ ಹಾಗೆ ಮಾಡುವುದು ಬೇರೆ. ತುಂಬಿಸುವ ಹಿಂದಿನ ದಿನ ಬಾಟಲಿ ಬಾಯಿಗೆ ಅಲ್ಯೂಮಿನಿಯಂ ಹಾಳೆ ಮುಚ್ಚಿ ತಣ್ಣಗಿನ ಓವನ್‌ನಲ್ಲಿ ಇಟ್ಟು, 170 ಡಿಗ್ರಿಗೆ ಏರಿಸಿ ಒಂದು ಗಂಟೆ ಬಿಡುತ್ತೇನೆ. ಆಮೇಲೆ ಬಾಗಿಲು ತೆಗೆಯದೆ ಅಲ್ಲೇ ಆರಬೇಕು. ಬಿಸಿ ಗಾಜಿಗೆ ತಣ್ಣನೆ ಗಾಳಿ ತಗುಲಿದರೆ ಬಿರುಕು ಬಿಡಬಹುದು. ಹಾಳೆ ತೆಗೆಯುವ ತನಕ ಒಳಗೆ ಏನೂ ಹೋಗುವುದಿಲ್ಲ. ಎಲ್ಲವೂ ಒಂದೇ ಸಲಕ್ಕೆ ಹಿಡಿಸುವುದಿಲ್ಲ, ಸರದಿಯಲ್ಲಿ ಮಾಡಬೇಕು. ರಬ್ಬರ್ ರಿಂಗಿನ ಬಾಟಲಿಗೆ ಈ ದಾರಿ ಆಗುವುದಿಲ್ಲ. ಅದಕ್ಕೆ ಬ್ರೂಯಿಂಗ್ ಅಂಗಡಿಯಲ್ಲಿ ಸಿಗುವ ಸ್ಯಾನಿಟೈಸರ್ ದ್ರಾವಣ, ಪ್ಯಾಕೆಟ್ ಮೇಲೆ ಬರೆದ ಅಳತೆಯಲ್ಲೇ.

ತುಂಬಿಸುವ ಮುಂಚೆ ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟು ನೋಡಿ. ಎರಡು ಮೂರು ದಿನ ಒಂದೇ ಅಳತೆ ನಿಂತಿದ್ದರೆ ಮಾತ್ರ ಹುದುಗುವುದು ಮುಗಿದಿದೆ. ಇಲ್ಲದಿದ್ದರೆ ಎಂಥ ಒಳ್ಳೆ ಬಾಟಲಿ ಆದರೂ ಸಿಡಿಯಬಹುದು. ಲೀಟರಿಗೆ 6ರಿಂದ 7 ಗ್ರಾಂ ಸಕ್ಕರೆ, ಸ್ವಲ್ಪ ನೀರಲ್ಲಿ ಕುದಿಸಿ ಆರಿಸಿ, ಪೂರ್ತಿ ಬಿಯರಿಗೆ ಒಟ್ಟಿಗೆ ಬೆರೆಸುತ್ತೇನೆ. ಚಮಚದಲ್ಲಿ ಬಾಟಲಿಗೆ ಇಷ್ಟಿಷ್ಟು ಅಂತ ಹಾಕಿದರೆ ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಆಗುತ್ತದೆ. ಬಾಯಿಯಿಂದ ಮೂರು ನಾಲ್ಕು ಸೆಂಟಿಮೀಟರ್ ಖಾಲಿ ಬಿಡಿ.

ಒಂದು ಸಣ್ಣ ಉಪಾಯ ಇದೆ. 40ರಲ್ಲಿ ಒಂದನ್ನು ಗಾಜಿನ ಬದಲು ಅರ್ಧ ಲೀಟರಿನ ಸೋಡಾ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸುತ್ತೇನೆ. ಅದರ 25 ಸೆಂಟ್ ಡಿಪಾಸಿಟ್ ಹೋದರೂ ಚಿಂತೆಯಿಲ್ಲ. ದಿನಾ ಒಮ್ಮೆ ಹಿಂಡಿ ನೋಡಿದರೆ ಗ್ಯಾಸ್ ಎಷ್ಟು ಕಟ್ಟಿದೆ ಅಂತ ಕೈಗೇ ತಿಳಿಯುತ್ತದೆ. ಕಲ್ಲಿನ ಹಾಗೆ ಗಟ್ಟಿಯಾದ ಮೇಲೆ ಎಲ್ಲ ಬಾಟಲಿಗಳನ್ನೂ ತಣ್ಣನೆಯ ಸೆಲ್ಲಾರಿಗೆ ಇಳಿಸುತ್ತೇನೆ. ಅಲ್ಲಿಯವರೆಗೆ ಕ್ರೇಟಿನ ಮೇಲೆ ದಪ್ಪ ಕಂಬಳಿ ಹೊದಿಸಿರುತ್ತೇನೆ, ಬೆಳಕಿಗೂ ಆಯಿತು, ಅಕಸ್ಮಾತ್ ಒಂದು ಒಡೆದರೆ ಚೂರು ಹಾರದಿರಲಿಕ್ಕೂ ಆಯಿತು.

ಬಾಟಲಿ ಕಮ್ಮಿಯಾಗುವುದು ಒಡೆದು ಅಲ್ಲ, ಸ್ನೇಹಿತರು ಮನೆಗೆ ಒಯ್ದು. ಹಾಗಾಗಿ ಕೊಡುವಾಗಲೇ ಹೇಳಿಬಿಡುತ್ತೇನೆ: ಗುರು, ಬಾಟಲಿ ತೊಳೆದು ವಾಪಸ್ ತಂದರೆ ಮುಂದಿನ ಸಲ ಮತ್ತೆ ಉಂಟು.