ಏಳು ಕೆರೆಗಳ ಸೀಮೆ: ನನ್ನ ಮೊದಲ ಫ್ಯಾಂಟಸಿ ಕಾದಂಬರಿ ಪುಸ್ತಕವಾದ ಬಗೆ

ನನ್ನ ಮೊದಲ ಕಾದಂಬರಿ ನಡೆಯುವುದು ಏಳು ಕೆರೆಗಳ ಒಂದು ಸೀಮೆಯಲ್ಲಿ. ಆ ಸೀಮೆ ಯಾವ ನಕ್ಷೆಯಲ್ಲೂ ಇಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಏಳನೆಯ ಕೆರೆಯ ತಳದಲ್ಲಿ ಒಂದು ಊರು ಮುಳುಗಿದೆ. ಅಲ್ಲಿನ ಜನ ಇನ್ನೂ ಬದುಕಿದ್ದಾರೆ, ಮಾತಾಡುತ್ತಾರೆ. ತೂಬು ಎತ್ತಿ ಕೆರೆಯ ನೀರು ಬಿಡುವ ನೀರುಗಂಟಿಗೆ ಮಾತ್ರ ಅದು ಕೇಳಿಸುತ್ತದೆ. ಇದನ್ನು ಬರೆದು, ಅಚ್ಚು ಹಾಕಿಸಿ, ಮನೆಯಿಂದಲೇ ಮಾರಿದ್ದೇನೆ. ಫ್ಯಾಂಟಸಿ ಬರೆಯಲು ಕೂತಿರುವ ಕಿರಿಯರು ಫೋನ್ ಮಾಡಿದಾಗ ಎರಡು ವಿಷಯ ಕೇಳುತ್ತಾರೆ: ಆ ಲೋಕ ಹೇಗೆ ಕಟ್ಟಿದಿರಿ, ಪುಸ್ತಕ ಹೇಗೆ ತಂದಿರಿ. ಎರಡನ್ನೂ ನಾನು ಒಂದೇ ರೀತಿ ಮಾಡಿದೆ. ಅದರೊಳಗಿನ ಕಸುಬನ್ನು ಮೊದಲು ಕಲಿತೆ, ಉಳಿದದ್ದು ಆಮೇಲೆ.

ನಮ್ಮ ಚಿತ್ರದುರ್ಗದ ಕಡೆ ಬಯಲುಸೀಮೆಯ ಊರುಗಳಲ್ಲಿ ಕೆರೆ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು, ಬರಗಾಲದಲ್ಲಿ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ, ಕೊನೆಯ ಗದ್ದೆಯವನಿಗೆ ನೀರು ಮುಟ್ಟಿತೋ ಇಲ್ಲವೋ, ಎಲ್ಲ ಅವನ ಜವಾಬ್ದಾರಿ. ಸುಗ್ಗಿಯಲ್ಲಿ ಕಣದಿಂದ ಕಾಳು ಕೊಡುತ್ತಿದ್ದರು, ಅದೇ ಸಂಬಳ. ಈ ಕೆಲಸ ಮಾಡಿ ಬಿಟ್ಟ ಅಜ್ಜ ಒಬ್ಬರ ಬಳಿ ಹೋಗಿ ಕೂರುತ್ತಿದ್ದೆ. ಹಳೆಯ ತೂಬು ಹೇಗಿರುತ್ತಿತ್ತು ಎಂದು ಅವರು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದರು: ಎರಡು ಕಲ್ಲುಕಂಬ, ನಡುವೆ ಅಡ್ಡ ಹಾಸಿದ ತೂತಿನ ಕಲ್ಲು, ಆ ತೂತಿನಲ್ಲಿ ಇಳಿಬಿಟ್ಟ ಉದ್ದದ ಮರದ ಗಳ, ಗಳದ ತುದಿಗೆ ಬಿರಡೆ. ಕೆರೆ ತುಂಬಿದ್ದಾಗ ಈಜಿ ಹೋಗಿ ಕಲ್ಲಿನ ಮೇಲೆ ನಿಂತು ಎತ್ತಬೇಕು. ಬಿರಡೆ ಸಡಿಲಾದ ಗಳಿಗೆಯಲ್ಲಿ ಗಳದ ಮೂಲಕ ಅಂಗೈಗೆ ಒಂದು ನಡುಕ ಹತ್ತುತ್ತದಂತೆ. "ನೀರು ಬಿಡಾಕೆ ಯಾರಾದ್ರೂ ಬಿಡ್ತಾರೆ ಕಣವ್ವ. ಇನ್ನು ಸಾಕು ಅಂತ ಮುಚ್ಚೋಕೆ ಎದೆ ಬೇಕು" ಅಂದರು.

ನನ್ನ ಮಾಯಾಲೋಕದ ಕಾನೂನು ಅಲ್ಲಿ ಸಿಕ್ಕಿತು. ನನ್ನ ನಾಯಕಿ ನೀರುಗಂಟಿ ಕೆಲಸದ ಹುಡುಗಿ. ಅವಳು ತೂಬು ಎತ್ತಿದಾಗ ಮುಳುಗಿದವರ ಮಾತು ಆ ನಡುಕದಲ್ಲಿ ಬರುತ್ತದೆ. ಎಷ್ಟು ನೀರು ಬಿಟ್ಟಳೋ ಅಷ್ಟು ಅವಳ ನೆನಪು ಹೋಗುತ್ತದೆ. ಒಂದು ಗದ್ದೆಗೆ ಒಂದು ದಿನದ ನೆನಪು. ಯಾವ ದಿನದ್ದು ಹೋಗಬೇಕು ಎಂದು ಆರಿಸುವ ಅಧಿಕಾರ ಅವಳಿಗಿಲ್ಲ. ಹೀಗೊಂದು ಲೆಕ್ಕ ಕೂತ ಮೇಲೆ ಕಥೆ ತಾನಾಗಿ ಕಟುವಾಯಿತು. ಬರ ಬಂದ ವರ್ಷ ಊರಿನವರು ತೂಬಿನ ಮುಂದೆ ನಿಂತರೆ ಅವರು ಕೇಳುತ್ತಿರುವುದು ಬರೀ ನೀರನ್ನಲ್ಲ, ಆ ಹುಡುಗಿಯ ತಾಯಿಯ ಮುಖವನ್ನೂ ಕೇಳುತ್ತಿದ್ದಾರೆ. ಮಾಯೆಗೆ ಬೆಲೆ ಇರಬೇಕು ಎಂಬುದು ಫ್ಯಾಂಟಸಿ ಬರೆಯುವವರೆಲ್ಲ ಹೇಳುವ ಮಾತೇ. ಆ ಬೆಲೆ ಕಸುಬಿನ ಒಳಗಿಂದ ಹುಟ್ಟಬೇಕು ಎಂದು ನಾನು ಸೇರಿಸುತ್ತೇನೆ. ಹೊರಗಿನಿಂದ ತಂದು ಅಂಟಿಸಿದ ಶಾಪ, ವರ, ಮಣಿ, ಉಂಗುರ ಯಾವುದೂ ನನ್ನ ಪಾತ್ರಗಳ ಮೈಗೆ ಹತ್ತುತ್ತಿರಲಿಲ್ಲ.

ಇದರ ಜೊತೆ ಇನ್ನೊಂದು ಬಂತು, ಅದನ್ನು ಬಿಟ್ಟು ಮುಂದೆ ಹೋಗಲು ಆಗುತ್ತಿರಲಿಲ್ಲ. ಎಷ್ಟೋ ಊರುಗಳಲ್ಲಿ ನೀರುಗಂಟಿ ಕೆಲಸ ದಲಿತ ಕುಟುಂಬಗಳದ್ದು. ಊರಿಗೆಲ್ಲ ನೀರು ಹಂಚುವ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಕಲ್ಪನೆಯ ಸೀಮೆ ಅಂದ ಮಾತ್ರಕ್ಕೆ ಇದನ್ನು ತೊಳೆದುಬಿಟ್ಟರೆ ಆ ಸೀಮೆ ಸುಳ್ಳಾಗುತ್ತದೆ. ನನ್ನ ನಾಯಕಿಯ ಜಾತಿಗೆ ನಾನು ಬೇರೆ ಹೆಸರು ಕೊಟ್ಟಿಲ್ಲ, ಜಾತಿಯ ಹೆಸರನ್ನೇ ಎತ್ತಿಲ್ಲ. ಆದರೆ ಅವಳು ಯಾವ ಮನೆಯ ಜಗುಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು, ಅವಳಿಗೆ ಕಾಳನ್ನು ಎಷ್ಟು ಎತ್ತರದಿಂದ ಸುರಿಯುತ್ತಾರೆ ಎಂಬುದು ಪುಟ ಪುಟದಲ್ಲೂ ಇದೆ. ಹಸ್ತಪ್ರತಿ ಓದಿದ ಹಿರಿಯರೊಬ್ಬರು "ಫ್ಯಾಂಟಸಿಯಲ್ಲಿ ಇದೆಲ್ಲ ಬೇಕಾ" ಎಂದರು. ಬೇಕು ಎಂದೇ ಈಗಲೂ ನಂಬಿದ್ದೇನೆ.

ಊರುಗಳ ಹೆಸರಿಗೆ ಶಾಸನಗಳ ಮೊರೆ ಹೋದೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದವರು, ಒಡೆದ ಏರಿ ಕಟ್ಟಿದವರು, ಕೆರೆಯ ದುರಸ್ತಿಗೆಂದು ಬಿತ್ತುವಟ್ಟದ ಭೂಮಿ ಬಿಟ್ಟವರು ತುಂಬ ಸಿಗುತ್ತಾರೆ. ಅಲ್ಲಿನ ಊರ ಹೆಸರುಗಳ ಬಾಲ ಹಿಡಿದು ನನ್ನವನ್ನು ಕಟ್ಟಿದೆ. ಬಿತ್ತುವಟ್ಟದ ಪದ್ಧತಿಯಂತೂ ಕಥೆಯ ಒಳಗೇ ಬಂದು, ಖಳನಾಯಕನಿಗೆ ಅವನು ನುಂಗಬೇಕಾದ ಆಸ್ತಿಯನ್ನು ಒದಗಿಸಿತು.

ಕೋಡಿ ಬೀಳುವ ಅಧ್ಯಾಯಕ್ಕೆ ಮಾತ್ರ ಯಾವ ಓದೂ ಸಾಲುತ್ತಿರಲಿಲ್ಲ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನೂರಮೂವತ್ತು ಅಡಿ ತುಂಬಿದ ಆ ನೀರನ್ನು ನೋಡಲು ಜಿಲ್ಲೆಯೇ ಬಂದಿತ್ತು, ನಾನೂ ಹೋಗಿದ್ದೆ. ಕುಂಕುಮ, ಬಳೆ, ಬಾಳೆಹಣ್ಣು ಹಿಡಿದು ಬಂದ ಹೆಂಗಸರು. ಅಪ್ಪ ಹೇಳುತ್ತಿದ್ದ ಕಥೆಯನ್ನು ತಾವೇ ಕಂಡೆವೆಂದು ಅಳುತ್ತಿದ್ದ ಮುದುಕರು. ನಾನು ಗಮನಿಸಿದ್ದು ನೀರಿನ ಬಣ್ಣ: ಕೋಡಿಯ ಅಂಚಿನವರೆಗೆ ತಿಳಿ, ಅಂಚು ದಾಟಿ ಮಣ್ಣಿಗೆ ಬಿದ್ದೊಡನೆ ಕೆಂಪು. ಆ ಅಧ್ಯಾಯ ಈ ಬಣ್ಣದ ಗೆರೆಯಿಂದಲೇ ಶುರುವಾಗುತ್ತದೆ.

ಪ್ರಕಾಶಕರ ವಿಷಯ ಬೇಗ ಮುಗಿಸುತ್ತೇನೆ. ಹಸ್ತಪ್ರತಿ ಚೆನ್ನಾಗಿದೆ, ಆದರೆ ಹೊಸಬರ ಮುನ್ನೂರು ಪುಟದ ಫ್ಯಾಂಟಸಿಗೆ ಓದುಗರು ಎಲ್ಲಿ ಎಂಬ ಮಾತು ಬಂತು. ಅವರ ದುಡ್ಡು, ಅವರ ಲೆಕ್ಕ. ಕಾಯುವ ಬದಲು ನಾನೇ ತರಲು ನಿರ್ಧರಿಸಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಧನಸಹಾಯ ಕೊಡುತ್ತದೆ. ನನ್ನ ವಯಸ್ಸು ಅದಕ್ಕೆ ಒಗ್ಗಲಿಲ್ಲ, ಕಿರಿಯರು ತಪ್ಪದೆ ವಿಚಾರಿಸಿ.

ಹೆಚ್ಚು ಹೊತ್ತು ಹಿಡಿದದ್ದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ. ನಾನು ಬರೆದದ್ದು ಈಗ ಎಲ್ಲ ಕಂಪ್ಯೂಟರು, ಫೋನುಗಳೂ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ. ನಮ್ಮಲ್ಲಿ ಹಲವು ಡಿಟಿಪಿಯವರು ಈಗಲೂ ಪೇಜ್‌ಮೇಕರ್‌ನಲ್ಲಿ, ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟುಗಳಲ್ಲಿ ಪುಟ ಕಟ್ಟುತ್ತಾರೆ. ಅಲ್ಲಿ ಅಕ್ಷರ, ಒತ್ತು, ದೀರ್ಘ ಎಲ್ಲ ಬೇರೆ ಬೇರೆ ತುಣುಕು. ಯೂನಿಕೋಡ್ ಪಠ್ಯವನ್ನು ಅದಕ್ಕೆ ಪರಿವರ್ತಿಸಿದಾಗ ದಿನಬಳಕೆಯ ಪದಗಳು ಹೇಗೋ ದಾಟುತ್ತವೆ, ಏನಾದರೂ ಒಡೆದರೂ ಕರಡು ತಿದ್ದುವವರ ಕಣ್ಣಿಗೆ ಬೀಳುತ್ತದೆ. ಫ್ಯಾಂಟಸಿಯಲ್ಲಿ ಹಾಗಲ್ಲ. ನನ್ನ ಕಥೆಯ ಒಂದು ಊರು 'ನೆಲ್‌ಗೆರೆ'. ಲಕಾರವನ್ನೂ ಗಕಾರವನ್ನೂ ಬಿಡಿಸಿ ಹಿಡಿಯುವ ಕಣ್ಣಿಗೆ ಕಾಣದ ಚಿಹ್ನೆ ಪರಿವರ್ತನೆಯಲ್ಲಿ ಬಿದ್ದುಹೋದರೆ ಅದು 'ನೆಲ್ಗೆರೆ' ಆಗಿಬಿಡುತ್ತದೆ. ಯಾವ ನಿಘಂಟಿನಲ್ಲೂ ಇಲ್ಲದ ಊರು ತಪ್ಪಾಗಿದೆ ಎಂದು ಹೇಳುವವರು ಯಾರು? ಹೀಗಾಗಿ ಪರಿವರ್ತನೆಯೇ ಬೇಡ ಎಂದು ಇನ್‌ಡಿಸೈನ್‌ನಲ್ಲಿ ನೇರ ಯೂನಿಕೋಡ್ ಪುಟ ಕಟ್ಟುವ ಹುಡುಗನನ್ನು ಹುಡುಕಿದೆ. ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳಬೇಕು, ಇಲ್ಲವಾದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಮುಕ್ತ ಪರವಾನಗಿಯ ನೋಟೊ ಸೆರಿಫ್ ಕನ್ನಡ ಮತ್ತು ತಿರೋ ಕನ್ನಡ ಎರಡರಲ್ಲೂ ಒಂದೇ ಪುಟ ತೆಗೆಸಿ, ರಾತ್ರಿ ಹಾಸಿಗೆಯ ದೀಪದಲ್ಲಿ ಓದಿ ನೋಡಿ ಒಂದನ್ನು ಇಟ್ಟುಕೊಂಡೆ. ಅಕ್ಷರ ಹನ್ನೊಂದೂವರೆ ಪಾಯಿಂಟ್, ಸಾಲಿನ ಅಂತರ ಹದಿನೇಳು. ನಮ್ಮ ಒತ್ತುಗಳು ಕೆಳಕ್ಕೆ ಜೋತು ಬೀಳುವುದರಿಂದ ಇಂಗ್ಲಿಷ್ ಪುಸ್ತಕದ ಅಂತರ ಸಾಲದು. ಹೆಸರುಗಳ ಒಂದು ಪಟ್ಟಿ ಮಾಡಿ ಕರಡು ತಿದ್ದಿದವರಿಗೆ ಕೊಟ್ಟಿದ್ದೆ: ಪಾತ್ರ, ಊರು, ಕೆರೆ, ಹಬ್ಬ, ಅಳತೆ, ಪ್ರತಿಯೊಂದರ ಕಾಗುಣಿತ. ಫ್ಯಾಂಟಸಿ ಬರೆಯುವವರು ಇದನ್ನು ಮೊದಲ ಅಧ್ಯಾಯದಿಂದಲೇ ಇಟ್ಟುಕೊಳ್ಳಿ.

ಡೆಮಿ 1/8 ಅಳತೆ, ಎಪ್ಪತ್ತು ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಮುಖಪುಟಕ್ಕೆ ಮುನ್ನೂರು ಜಿಎಸ್‌ಎಂ ಆರ್ಟ್ ಬೋರ್ಡ್. ಹದಿನಾರು ಪುಟಕ್ಕೊಂದು ಫಾರಂ. ಹತ್ತೊಂಬತ್ತು ಫಾರಂ ಸೇರಿ 304 ಪುಟ. ಆಗ ಕೊನೆಗೆ ಖಾಲಿ ಹಾಳೆ ಉಳಿಯದಂತೆ ಏಳು ಕೆರೆಗಳ ನಕ್ಷೆಗೂ ಎರಡು ಪುಟ ಸಿಕ್ಕಿತು. ಬೆನ್ನಿನ ಅಗಲ ಊಹಿಸಿ ಮುಖಪುಟ ಮಾಡಿಸಬೇಡಿ. ಅದೇ ಕಾಗದದ ಡಮ್ಮಿ ಕಟ್ಟಿಸಿ ಸ್ಕೇಲ್ ಇಟ್ಟು ಅಳೆಯಿರಿ. ಐನೂರು ಪ್ರತಿ ಆಫ್‌ಸೆಟ್‌ನಲ್ಲಿ ಹಾಕಿಸಿದೆ. ಇದಕ್ಕಿಂತ ತೀರ ಕಡಿಮೆಯಾದರೆ ಡಿಜಿಟಲ್ ಮುದ್ರಣವೇ ಅಗ್ಗ.

ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ದುಡ್ಡು ಕೊಡಬೇಕಿಲ್ಲ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಲೇಖಕರಿಗೂ ಉಚಿತವಾಗಿ ಕೊಡುತ್ತದೆ, ಅರ್ಜಿ ಆನ್‌ಲೈನ್‌ನಲ್ಲೇ. ಬೇರೆಯವರ ಸಂಖ್ಯೆ ಪಡೆದರೆ ದಾಖಲೆಯಲ್ಲಿ ಪ್ರಕಾಶಕರು ಅವರಾಗುತ್ತಾರೆ, ನೀವಲ್ಲ.

ಬೆಲೆ 340 ರೂಪಾಯಿ ಇಟ್ಟೆ. ಅಂಗಡಿಯವರಿಗೆ ನೂರಕ್ಕೆ ನಲವತ್ತು ಬಿಟ್ಟರೆ 136 ಹೋಗಿ 204 ಉಳಿಯುತ್ತದೆ. ಅದರಲ್ಲೇ ಮುದ್ರಣ, ಡಿಟಿಪಿ, ಚಿತ್ರಕಾರರ ಸಂಭಾವನೆ ಎಲ್ಲ ಹುಟ್ಟಬೇಕು. ಆದ್ದರಿಂದ ಮೊದಲ ಮಾರಾಟವನ್ನು ವಾಟ್ಸಾಪ್ ಮೂಲಕ ಮುಂಗಡವಾಗಿ ಮಾಡಿದೆ. ಮೊದಲ ಅಧ್ಯಾಯದ ಪಿಡಿಎಫ್ ಕಳಿಸುವುದು, ಓದಿ ಹಿಡಿಸಿದರೆ ಯುಪಿಐನಲ್ಲಿ ಹಣ ಹಾಕಿ ಎನ್ನುವುದು. ತೂಬಿನ ದೃಶ್ಯ ಆ ಅಧ್ಯಾಯದಲ್ಲಿದೆ, ಪುಸ್ತಕವನ್ನು ಮಾರಿದ್ದು ಅದೇ. ರೈತ ಸಂಘದವರು, ನೀರಾವರಿ ಇಲಾಖೆಯಿಂದ ನಿವೃತ್ತರಾದವರು, ಹೈಸ್ಕೂಲ್ ಮಕ್ಕಳು, ಹೀಗೆ ಫ್ಯಾಂಟಸಿ ಓದುಗರ ಪಟ್ಟಿಯಲ್ಲಿ ಯಾರೂ ಬರೆಯದವರು ತರಿಸಿಕೊಂಡರು. ಬಿಡುಗಡೆ ಸಮಾರಂಭ ಮಾಡಲಿಲ್ಲ. ಆ ಹಣದಲ್ಲಿ ಸುತ್ತಲಿನ ಸರ್ಕಾರಿ ಶಾಲೆಗಳ ಲೈಬ್ರರಿಗೆ ಪ್ರತಿ ಕೊಟ್ಟೆ.

ಯೂನಿಕೋಡ್ ಬಿಡದೆ ಇದ್ದದ್ದಕ್ಕೆ ಇ-ಪುಸ್ತಕ ಸಲೀಸಾಯಿತು. ಅದೇ ಫೈಲು ಇಪಬ್ ಆಗಿ ಗೂಗಲ್ ಪ್ಲೇ ಬುಕ್ಸ್‌ಗೆ ಹೋಯಿತು, ಹೊರದೇಶದ ಕನ್ನಡಿಗರು ಅಲ್ಲಿ ಕೊಳ್ಳುತ್ತಾರೆ. ಕೊನೆಯದಾಗಿ ಅನೇಕ ಲೇಖಕ-ಪ್ರಕಾಶಕರು ಬಿಟ್ಟುಬಿಡುವ ಒಂದು ಕೆಲಸ: ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯ್ದೆಯ (ಡೆಲಿವರಿ ಆಫ್ ಬುಕ್ಸ್ ಆಕ್ಟ್) ಪ್ರಕಾರ ಪ್ರಕಟವಾದ ಮೂವತ್ತು ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿಯ ಗೊತ್ತಾದ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ನಮ್ಮದೇ ಖರ್ಚಿನಲ್ಲಿ ಕಳಿಸಬೇಕು. ಆ ನಾಲ್ಕು ಪ್ರತಿಗಳನ್ನು ಮಾರಾಟದ ಲೆಕ್ಕಕ್ಕೆ ಸೇರಿಸದೆ ಮೊದಲೇ ತೆಗೆದಿಡಿ.