ಪ್ರವಾಸದಲ್ಲಿ ಕಾಯಿಲೆ ಬಿದ್ದಾಗ, ಮತ್ತು ಅದರ ನೆನಪಿಗೊಂದು ಪುಟ್ಟ ವಸ್ತು

ಪ್ರವಾಸದ ನಡುವೆ ಜ್ವರವೋ ಭೇದಿಯೋ ಶುರುವಾದರೆ, ಖರ್ಚು ಮಾಡಿ ಬಂದಿದ್ದೇವೆಂಬ ಸಂಕಟವನ್ನು ಬದಿಗಿಟ್ಟು, ಆ ದಿನದ ಸುತ್ತಾಟವನ್ನು ಕೈಬಿಟ್ಟು ವಿಶ್ರಾಂತಿ ಪಡೆಯಬೇಕು.

ವಾಂತಿಭೇದಿಯಲ್ಲಿ ದೇಹ ಸೊರಗುವುದು ನೀರು ಮತ್ತು ಲವಣಗಳ ನಷ್ಟದಿಂದ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪನ್ನು ಸಮಮಟ್ಟವಾಗಿ ಅಳೆದು ಹಾಕಿ, ಪೂರ್ತಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಯಬೇಕು. ಉಪ್ಪು ಹೆಚ್ಚಾದರೆ ಅಪಾಯವಾದ್ದರಿಂದ ಕಣ್ಣಳತೆ ಖಂಡಿತ ಬೇಡ. ಮಲದಲ್ಲಿ ರಕ್ತ, ನೀರೂ ನಿಲ್ಲದಂಥ ವಾಂತಿ, ತೀರಾ ಕಡಿಮೆಯಾದ ಮೂತ್ರ ಅಥವಾ ಮಂಕು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ವಿಮೆಯಿದ್ದರೆ ಆ ಕಂಪನಿಗೆ ಕೂಡಲೇ ತಿಳಿಸಿ, ಮೂಲ ರಸೀದಿಗಳನ್ನು ಜೋಪಾನವಾಗಿಡಿ. ಮಲೇರಿಯಾ ಇರುವ ಪ್ರದೇಶಕ್ಕೆ ಹೋಗಿದ್ದವರಿಗೆ ಮರಳಿದ ಕೆಲವು ತಿಂಗಳ ನಂತರ ಜ್ವರ ಬಂದರೂ, ಆ ಪ್ರವಾಸದ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು.

ಇನ್ನು ನೆನಪಿನ ವಸ್ತು. ನಾಲ್ಕು ದಿನ ಕೋಣೆಯಲ್ಲೇ ಕಳೆದ ನಾನು, ಹೊರಡುವ ಬೆಳಿಗ್ಗೆ ನಡುಗುವ ಕಾಲುಗಳಲ್ಲಿ ನಡೆದುಹೋಗಿ ತಂದದ್ದು ಅಂಗೈಯಗಲದ, ಒಂದು ಕಾಲಿನ ತುದಿ ಮುಕ್ಕಾದ ಮರದ ಆಮೆ. ಮತ್ತೆ ಎದ್ದು ನಡೆದ ಆ ಕ್ಷಣವನ್ನು ಅದು ಇಂದಿಗೂ ನನಗೆ ಮರಳಿ ಕೊಡುತ್ತದೆ. ಆದ್ದರಿಂದ ನೋಡಲಾಗದ ಜಾಗದ ಚಿತ್ರಕ್ಕಿಂತ, ಚೇತರಿಕೆಯ ಮೊದಲ ನಡಿಗೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೇ ಆರಿಸಿಕೊಳ್ಳಿ. ಬೀಜ, ಮಣ್ಣು, ಹವಳಗಳನ್ನು ಗಡಿ ದಾಟಿಸಲು ಅನೇಕ ದೇಶಗಳಲ್ಲಿ ನಿರ್ಬಂಧವಿದೆ, ಅವು ಬೇಡ. ತಂದ ವಸ್ತುವಿನ ಅಡಿಯಲ್ಲಿ ದಿನಾಂಕವನ್ನೂ, ಅಂದು ನೀರು ತಂದುಕೊಟ್ಟವರ ಹೆಸರನ್ನೂ ಬರೆದ ಚೀಟಿ ಅಂಟಿಸಿಡಿ.